ನೆಲದಡಿಯ ಶಿಲ್ಪಿ: ಸರ್ ಜೋಸೆಫ್ ಬ್ಯಾಜಲ್ಜೆಟ್

ಅರಮನೆ ಕಟ್ಟಿಸಿದವರ ಹೆಸರು ಮಕ್ಕಳ ಬಾಯಲ್ಲೂ ಇರುತ್ತದೆ. ಚರಂಡಿ ಕಟ್ಟಿದವನ ಹೆಸರು ಯಾರಿಗೂ ಬೇಡ. ಆದರೆ ಲಂಡನ್ ನಗರವು ತನ್ನ ಚರಂಡಿ ಕಟ್ಟಿದವನನ್ನು ಮರೆತಿಲ್ಲ. ಥೇಮ್ಸ್ ನದಿಯ ದಂಡೆಯ ಮೇಲೆ ಆತನ ಸ್ಮಾರಕವಿದೆ. ಆತನೇ ಸರ್ ಜೋಸೆಫ್ ಬ್ಯಾಜಲ್ಜೆಟ್. ಈ ಮಹನೀಯನ ಜೀವನವನ್ನು ಹೇಳಹೊರಟವನು ಆತನು ದುಡಿದ ಸಂಸ್ಥೆಯ ಕಥೆಯನ್ನೂ ಹೇಳಲೇಬೇಕು. ಒಂದು ಏಳಿಗೆಯ ಕಥೆ, ಇನ್ನೊಂದು ಅಳಿವಿನ ಕಥೆ.

ಬ್ಯಾಜಲ್ಜೆಟ್ಟನು 1819ರ ಮಾರ್ಚ್ 28ರಂದು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನಲ್ಲಿ ಜನಿಸಿದನು. ಅಜ್ಜ ಫ್ರಾನ್ಸಿನಿಂದ ಬಂದು ನೆಲಸಿದ ದರ್ಜಿ. ತಂದೆ ನೌಕಾಪಡೆಯ ಅಧಿಕಾರಿ. ಹುಡುಗನು ಜಾನ್ ಮ್ಯಾಕ್‌ನೀಲ್ ಎಂಬ ಇಂಜಿನಿಯರನ ಕೈಕೆಳಗೆ ಐರ್ಲೆಂಡಿನಲ್ಲಿ ನೆಲದ ನೀರನ್ನು ಬಸಿದು ಹರಿಸುವ ವಿದ್ಯೆಯನ್ನು ಕಲಿತನು. 1842ರಲ್ಲಿ ಸ್ವಂತ ಕಚೇರಿಯನ್ನು ತೆರೆದನು. ಆಗ ಇಂಗ್ಲೆಂಡಿನಲ್ಲಿ ರೈಲು ದಾರಿಗಳ ಭರಾಟೆ. ಹಗಲಿರುಳೂ ದುಡಿದು 1847ರಲ್ಲಿ ಆತನ ಆರೋಗ್ಯವೇ ಕುಸಿಯಿತು. ಚೇತರಿಸಿಕೊಂಡ ಮೇಲೆ, 1849ರಲ್ಲಿ ಲಂಡನ್ನಿನ ಚರಂಡಿ ಆಯೋಗದಲ್ಲಿ ಸಹಾಯಕ ಮೋಜಣಿದಾರನಾಗಿ ಸೇರಿದನು.

ಆ ಕಾಲದ ಲಂಡನ್ನಿನ ಸ್ಥಿತಿಯನ್ನು ನೆನೆದರೆ ಮೈ ನಡುಗುತ್ತದೆ. ಊರಿನ ಹೊಲಸೆಲ್ಲ ಥೇಮ್ಸ್ ನದಿಗೆ. ಆ ನದಿಯ ನೀರೇ ಬಹುಮಂದಿಗೆ ಕುಡಿಯಲು. 1848-49ರ ಕಾಲರಾಕ್ಕೆ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನ ಬಲಿಯಾದರು. 1853-54ರಲ್ಲಿ ಮತ್ತೆ 10,000ಕ್ಕೂ ಮಿಕ್ಕಿ ಸತ್ತರು. ಇಷ್ಟಾದರೂ ಇಡೀ ನಗರಕ್ಕೆಂದು ಒಂದು ಆಡಳಿತವಿರಲಿಲ್ಲ. ವೆಸ್ಟ್ರಿ ಎಂಬ ಹೆಸರಿನ ಸ್ಥಳೀಯ ಸಭೆಗಳು ತಮ್ಮ ತಮ್ಮ ಕೇರಿಗಳನ್ನು ಮಾತ್ರ ನೋಡಿಕೊಳ್ಳುತ್ತಿದ್ದವು.

1855ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಈ ಸಭೆಗಳೆಲ್ಲ ಒಟ್ಟುಗೂಡಿ ನಡೆಸುವಂತೆ ಮೆಟ್ರೊಪಾಲಿಟನ್ ಕಾಮಗಾರಿ ಮಂಡಲಿಯನ್ನು ಸ್ಥಾಪಿಸಿತು. ಮರುವರ್ಷವೇ ಬ್ಯಾಜಲ್ಜೆಟ್ಟನು ಅದರ ಮುಖ್ಯ ಇಂಜಿನಿಯರನಾದನು. ಈ ಮಂಡಲಿಯ ಬಗೆಯನ್ನು ವಾಚಕರು ಸ್ವಲ್ಪ ಗಮನಿಸಬೇಕು. ಅದರ 45 ಮಂದಿ ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಿರಲಿಲ್ಲ. ವೆಸ್ಟ್ರಿ ಮುಂತಾದ ಸಭೆಗಳು ಆರಿಸಿ ಕಳುಹಿಸುತ್ತಿದ್ದವು. ಹಣವೂ ಹಾಗೆಯೇ. ಮಂಡಲಿಯು ತನಗೆ ಬೇಕಾದ ಮೊತ್ತವನ್ನು ವೆಸ್ಟ್ರಿಗಳಿಂದ ಕೇಳುವುದು. ವೆಸ್ಟ್ರಿಗಳು ಅದನ್ನು ಮನೆಗಂದಾಯದೊಡನೆ ಕೂಡಿಸಿ ವಸೂಲು ಮಾಡುವುವು. ಕಂದಾಯ ಕೊಟ್ಟವನಿಗೆ ವೆಸ್ಟ್ರಿಯವರ ಮುಖ ಗೊತ್ತು. ಹಣವನ್ನು ಖರ್ಚು ಮಾಡುವವರ ಮುಖ ಗೊತ್ತಿಲ್ಲ. ಈ ಒಂದು ಬಿರುಕನ್ನು ಆಗ ಯಾರೂ ದೊಡ್ಡದೆಂದು ಎಣಿಸಲಿಲ್ಲ.

ಬ್ಯಾಜಲ್ಜೆಟ್ಟನ ನಕ್ಷೆಗಳು ಸರ್ಕಾರದ ಒಪ್ಪಿಗೆಗಾಗಿ ಎರಡು ವರ್ಷ ಅಲೆದಾಡಿದವು. 1858ರ ಬೇಸಗೆಯಲ್ಲಿ ನದಿಯ ದುರ್ಗಂಧವು ದಡದಲ್ಲೇ ಇದ್ದ ಪಾರ್ಲಿಮೆಂಟ್ ಭವನವನ್ನು ಹೊಕ್ಕಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರು ಕೂಡಲಾರದೆ ಹೋದರು. ಕೆಲವೇ ವಾರಗಳಲ್ಲಿ ಕಾನೂನು ಸಿದ್ಧವಾಯಿತು. ಮಂಡಲಿಗೆ 30 ಲಕ್ಷ ಪೌಂಡು ಸಾಲವೆತ್ತುವ ಅಧಿಕಾರ ಬಂದಿತು. ಮನೆಬಾಡಿಗೆಯ ಮೌಲ್ಯದಲ್ಲಿ ಪೌಂಡಿಗೆ 3 ಪೆನ್ಸಿನಂತೆ 40 ವರ್ಷ ಕಂದಾಯವೆತ್ತಿ ಆ ಸಾಲವನ್ನು ತೀರಿಸಬೇಕು. ಅಂದರೆ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕು.

ಹಣ ದೊರೆತ ಮೇಲೆ ಬ್ಯಾಜಲ್ಜೆಟ್ಟನು ಹಿಂದೆಗೆಯಲಿಲ್ಲ. ನದಿಗೆ ಸಮಾನಾಂತರವಾಗಿ 82 ಮೈಲಿ ಉದ್ದದ ಹೆಗ್ಗಾಲುವೆಗಳನ್ನು ನೆಲದಡಿಯಲ್ಲಿ ಕಟ್ಟಿಸಿ, ಹೊಲಸು ನೀರನ್ನು ಊರ ಕೆಳಗಡೆಗೆ ಸಾಗಿಸಿದನು. 1865ರ ಏಪ್ರಿಲ್ 4ರಂದು ಯುವರಾಜನು ಕ್ರಾಸ್‌ನೆಸ್ ಪಂಪುಗಳನ್ನು ಚಾಲನೆಗೊಳಿಸಿದನು. ಆಗ ಹೊಸದೇ ಎನ್ನಬಹುದಾದ ಪೋರ್ಟ್‌ಲೆಂಡ್ ಸಿಮೆಂಟನ್ನು ಬಳಸುವಾಗ, ಬಂದ ಮಾಲನ್ನು ಎಳೆದು, ಒಡೆದು, ಅಳೆದು ನೋಡದೆ ಕೆಲಸಕ್ಕೆ ಬಿಡುತ್ತಿರಲಿಲ್ಲ. ಗುತ್ತಿಗೆದಾರನ ಮಾತಿಗೆ ಬೆಲೆಯಿಲ್ಲ, ಪರೀಕ್ಷೆಗೇ ಬೆಲೆ. 1866ರಲ್ಲಿ ಕಾಲರಾ ಮರಳಿದಾಗ ಅದು ಮುಖ್ಯವಾಗಿ ಕಾಲುವೆಯ ಕೆಲಸ ಮುಗಿಯದಿದ್ದ ಪೂರ್ವಭಾಗದಲ್ಲಿ ಕೆರಳಿತು. ಅದೇ ಲಂಡನ್ನಿನ ಕೊನೆಯ ದೊಡ್ಡ ಕಾಲರಾ. 1870ರಲ್ಲಿ ವಿಕ್ಟೋರಿಯಾ ದಂಡೆಯು ಮುಗಿಯಿತು. 1875ರಲ್ಲಿ ಆತನಿಗೆ ಸರ್ ಪದವಿ ದೊರೆಯಿತು.

ಆದರೆ ಊರ ಕೆಳಗಡೆಗೂ ಊರುಗಳಿದ್ದವಲ್ಲ! ಬಾರ್ಕಿಂಗ್ ಪಟ್ಟಣದವರು 1860ರ ದಶಕದ ಕೊನೆಗೇ ದೂರು ಕೊಟ್ಟರು. ಅವರು ಮಂಡಲಿಗೆ ಕಂದಾಯ ಕೊಡುವವರಲ್ಲ. ಅಲ್ಲಿ ಅವರ ಪ್ರತಿನಿಧಿಯೂ ಇಲ್ಲ. ಮಂಡಲಿಯು ತಪ್ಪನ್ನು ಒಪ್ಪಲಿಲ್ಲ. ಖೇದದ ಮಾತೆಂದರೆ ಬ್ಯಾಜಲ್ಜೆಟ್ಟನೂ ಮಂಡಲಿಯ ಪಕ್ಷವನ್ನೇ ವಹಿಸಿದನು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರನೌಕೆಯು ಆ ಹೊಲಸು ನೀರು ಬೀಳುವ ಎಡೆಗೆ ಸಮೀಪದಲ್ಲೇ ಮುಳುಗಿ, 600ಕ್ಕೂ ಹೆಚ್ಚು ಜನ ಮಡಿದರು. ಕೊನೆಗೆ ರಾಜಾಯೋಗವೊಂದು ವಿಚಾರಣೆ ನಡೆಸಬೇಕಾಯಿತು. 1887ರಿಂದ ಕೆಸರನ್ನು ಹಡಗುಗಳಲ್ಲಿ ಸಮುದ್ರಕ್ಕೆ ಸಾಗಿಸತೊಡಗಿದರು.

ಇತ್ತ ಮಂಡಲಿಯೊಳಗೆ ಬೇರೊಂದು ಬಗೆಯ ಕೊಳೆ ಸೇರಿತ್ತು. ಹೊಸ ರಸ್ತೆಗಳಿಗಾಗಿ ಕೊಂಡ ನೆಲದಲ್ಲಿ ಉಳಿದ ನಿವೇಶನಗಳನ್ನು ಗುತ್ತಿಗೆಗೆ ಕೊಡುವಾಗ ಕೆಲವು ನೌಕರರು ಗುಟ್ಟಾಗಿ ಹಣ ತಿಂದರು. 1886ರಲ್ಲಿ ಫೈನಾನ್ಷಿಯಲ್ ನ್ಯೂಸ್ ಪತ್ರಿಕೆಯು ಇದನ್ನು ಬಯಲಿಗೆಳೆಯಿತು. 1888ರಲ್ಲಿ ಲಾರ್ಡ್ ಹರ್ಷೆಲ್ಲನ ನೇತೃತ್ವದ ಆಯೋಗವು ವಿಚಾರಿಸಿದಾಗ ತಪ್ಪಿತಸ್ಥರು ಕೆಲವರೇ ಎಂದು ತಿಳಿಯಿತು. ಇಂಜಿನಿಯರನಿಗೆ ಆ ಕಳಂಕ ತಟ್ಟಲಿಲ್ಲ. ಆದರೂ ಜನರ ನಂಬಿಕೆ ಒಡೆದಿತ್ತು. ಕಂದಾಯದಾರರು ನೇರವಾಗಿ ಆರಿಸಿದ ಲಂಡನ್ ಕೌಂಟಿ ಕೌನ್ಸಿಲು 1889ರಲ್ಲಿ ಬಂದಿತು. ಹಳೆಯ ಮಂಡಲಿಯು ಕೊನೆಯ ಗಳಿಗೆಯಲ್ಲೂ ಹೊಸ ಖರ್ಚುಗಳಿಗೆ ಕೈಹಾಕಲು, ಗೊತ್ತುಮಾಡಿದ ದಿನಕ್ಕೆ ಮುಂಚೆಯೇ, ಮಾರ್ಚ್ 21ರಂದು, ಅದನ್ನು ಮುಚ್ಚಿದರು. ಆ ವರ್ಷವೇ ಬ್ಯಾಜಲ್ಜೆಟ್ಟನು ನಿವೃತ್ತನಾದನು. 1891ರ ಮಾರ್ಚ್ 15ರಂದು ವಿಂಬಲ್ಡನ್ನಿನಲ್ಲಿ ತೀರಿಕೊಂಡನು.

ಆತನು ಕಟ್ಟಿದ ಕಾಲುವೆಗಳು ಇಂದಿಗೂ ಕೆಲಸ ಮಾಡುತ್ತಿವೆ. ಕಟ್ಟಿಸಿದ ಮಂಡಲಿಯು 34 ವರ್ಷವೂ ಪೂರ್ತಿ ಬಾಳಲಿಲ್ಲ. ಏಕೆ? ಸಿಮೆಂಟನ್ನು ಪರೀಕ್ಷಿಸಲು ಅಲ್ಲಿ ಜನರಿದ್ದರು. ಮಂಡಲಿಯನ್ನು ಪರೀಕ್ಷಿಸುವ ಹಕ್ಕು ಹಣ ಕೊಟ್ಟವನಿಗೆ ಇರಲಿಲ್ಲ. ಹಲವು ಸಭೆಗಳು ಕೂಡಿ ಸಾಲವೆತ್ತದೆ ದೊಡ್ಡ ಕೆಲಸಗಳು ಆಗವು, ನಿಜ. ಆದರೆ ಹೊಣೆಯು ಹಲವರಿಗೆ ಹಂಚಿಹೋದಲ್ಲಿ ಯಾರೊಬ್ಬರೂ ಹೊಣೆಯಾಗುವುದಿಲ್ಲ. ಒಬ್ಬ ಪ್ರಾಮಾಣಿಕನ ದುಡಿಮೆಯು ಒಂದು ಸಂಸ್ಥೆಗೆ ಕೀರ್ತಿ ತರಬಹುದು. ಅದನ್ನು ಉಳಿಸುವುದು ಮಾತ್ರ ತೆರೆದಿಟ್ಟ ಲೆಕ್ಕದ ಪುಸ್ತಕ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಮನೆಗಂದಾಯದ ರಸೀದಿ ಬಂದಾಗ ಓದಿ ಹೇಳುವ ಕೆಲಸ ನನ್ನದು. ಈ ದುಡ್ಡು ಎಲ್ಲಿಗೆ ಹೋಗುತ್ತದೆಂದು ಅಪ್ಪ ಪ್ರತಿಸಲವೂ ಕೇಳುತ್ತಾರೆ. ಹಿಂದೆ ಅದನ್ನು ತಿಳಿಯದವರ ಪ್ರಶ್ನೆಯೆಂದುಕೊಂಡಿದ್ದೆ. ಈ ಜೀವನವನ್ನು ಓದಿದ ಮೇಲೆ, ಕೇಳಲೇಬೇಕಾದ ಪ್ರಶ್ನೆ ಅದೇ ಎಂದು ತಿಳಿಯಿತು. ನಾಳೆ ಕಚೇರಿಗಳಲ್ಲಿ, ಪಂಚಾಯಿತಿಗಳಲ್ಲಿ ಕುಳಿತುಕೊಳ್ಳಲಿರುವ ನನ್ನ ಸಹಪಾಠಿಗಳು ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಂಡಿರಲಿ.