ಒತ್ತು ಮತ್ತು ಮಾತ್ರೆ: ಬಿ.ಎಂ.ಶ್ರೀ.

ಬೆಳ್ಳೂರು ಮೈಲಾರಯ್ಯನವರ ಮಗ ಶ್ರೀಕಂಠಯ್ಯನವರು 1884ರ ಜನವರಿ 3ರಂದು ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರು. ಕನ್ನಡವೆಂದರೆ ವಿದ್ಯಾವಂತರೇ ಹಿಂಜರಿಯುತ್ತಿದ್ದ ಕಾಲವದು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದಾಗ ಅವರಿಗೆ ಇಪ್ಪತ್ತೇಳು ವರ್ಷ. ಹೊಸ ಕವಿತೆಗೆ ಹೊಸ ನಡೆ ಬೇಕೆಂದು ಬಗೆದು, ತಾವು ಕಲಿಸುತ್ತಿದ್ದ ಇಂಗ್ಲಿಷ್ ಭಾವಗೀತೆಗಳನ್ನೇ ಕನ್ನಡಕ್ಕೆ ತರತೊಡಗಿದರು.

ತೊಡಕು ಅಲ್ಲೇ ಇತ್ತು. ಇಂಗ್ಲಿಷ್ ಪದ್ಯ ನಡೆಯುವುದು ಉಚ್ಚಾರಾಂಶಗಳ ಮೇಲಿನ ಒತ್ತಿನಿಂದ. ಎರಡು ಪದ ಒಂದಾದುದನ್ನೂ ಆ ಭಾಷೆ ಹಲವೆಡೆ ಒತ್ತಿನಿಂದಲೇ ತಿಳಿಸುತ್ತದೆ: ಮೊದಲ ಭಾಗವನ್ನಷ್ಟೇ ಒತ್ತಿದರೆ ಬ್ಲ್ಯಾಕ್‌ಬೋರ್ಡ್ ತರಗತಿಯ ಹಲಗೆ, ಎರಡನ್ನೂ ಒತ್ತಿದರೆ ಯಾವುದೋ ಕಪ್ಪು ಹಲಗೆ. ಕನ್ನಡದಲ್ಲಿ ಲೆಕ್ಕ ಮಾತ್ರೆಯದು. ಸಮಾಸ ಬೆಸೆಯುವುದು ಅಕ್ಷರದ ಮಾರ್ಪಾಟಿನಿಂದ. ಇಂಗ್ಲಿಷಿನ ಒನ್-ಐಡ್ ಎಂಬ ವಿಶೇಷಣಕ್ಕೆ ನಮ್ಮಲ್ಲಿ ಒಕ್ಕಣ್ಣ ಎಂಬ ಬಹುವ್ರೀಹಿಯುಂಟು. ಒಂದು ಕಣ್ಣು ಎಂದು ಬಿಡಿಸಿದರೆ ಆರು ಮಾತ್ರೆ, ಒಕ್ಕಣ್ಣ ಎಂದರೆ ಐದು. ಹಿರಿದಾದ ಮರ ಏಳು, ಹೆಮ್ಮರ ನಾಲ್ಕೇ. (ಕೊಡಿಕೊಂಡದ ಗಡಿ ದಾಟಿ ಪೆನುಕೊಂಡದತ್ತ ಹೋಗುವವರು ಊರ ಹೆಸರಿನಲ್ಲೇ ಇಂಥ ತೆಲುಗು ಸಮಾಸವನ್ನು ಓದುತ್ತಾರೆ, ಪೆನುಕೊಂಡವೆಂದರೆ ಹೆಬ್ಬೆಟ್ಟ.) ಹೀಗೆ ಪದರಚನೆಯೇ ಲಯವನ್ನು ಬದಲಿಸುವ ಭಾಷೆಯಲ್ಲಿ ಪರಭಾಷೆಯ ಒತ್ತನ್ನು ನಿಲ್ಲಿಸುವುದೆಂತು?

ಒತ್ತಿದ್ದಲ್ಲಿ ಗುರು, ಇಲ್ಲದಲ್ಲಿ ಲಘು ಎಂದು ಅವರು ಯಾಂತ್ರಿಕವಾಗಿ ಹೊಂದಿಸಲಿಲ್ಲ. ಷಟ್ಪದಿ, ರಗಳೆಗಳಲ್ಲಿ ಹಿಂದಿನಿಂದಲೂ ಇದ್ದ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಎತ್ತಿಕೊಂಡು ಸಾಲುಗಳ ಉದ್ದವನ್ನು ಭಾವಕ್ಕೆ ತಕ್ಕಂತೆ ಬದಲಿಸಿದರು. ಆದಿಪ್ರಾಸದ ಕಟ್ಟನ್ನು ಬಿಟ್ಟರು. ಒತ್ತಿಲ್ಲದ ಉಚ್ಚಾರದಿಂದ ಹೊರಡುವ ಇಂಗ್ಲಿಷ್ ಸಾಲಿಗೆ ಸಮನಾಗಿ, ಕೆಲವೆಡೆ ಗಣಗಳ ಲೆಕ್ಕಕ್ಕೆ ಸೇರದ ಒಂದೆರಡು ಮಾತ್ರೆಗಳನ್ನು ಮೊದಲಿಗಿಟ್ಟರು. ನಾವು ಪದ್ಮಗಣವೆಂದು ಓದುವುದು ಇದನ್ನೇ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಎಲ್ಲ ಕವಿತೆಗಳೂ ಒಂದೇ ಸಮನಾಗಿಲ್ಲ, ಕೆಲವು ಮೂಲದ ನೆರಳಿನಲ್ಲೇ ಉಳಿದಿವೆ. ನ್ಯೂಮನ್ನನ ಪ್ರಾರ್ಥನೆಯಾದರೋ ಅನುವಾದವೆಂಬುದೇ ಮರೆತುಹೋಗುವಷ್ಟು ಕನ್ನಡದ್ದಾಗಿದೆ.

1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಅಲ್ಲಿಯೂ ಪಾಠ ಹೇಳಿದರು. ಕುವೆಂಪು ಆ ಮೊದಲ ತಂಡದವರು. 1928ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿಗೂ ದುಡಿದರು. 1946ರ ಜನವರಿ 5ರಂದು ಧಾರವಾಡದಲ್ಲಿ ತೀರಿಕೊಂಡರು. ನಿಘಂಟು ಅಚ್ಚಾಗಿ ಹೊರಬಂದುದು ಅದೇ ವರ್ಷ.