ಸಂಕೋಲೆಯ ರಾಣಿಯನ್ನು ಕಡೆದಾಕೆ

ಒಂದು ಕೃತಿ ಸೊಗಸಾಗಿದೆಯೆಂದು ಒಪ್ಪಿಕೊಂಡು, ಅದನ್ನು ಮಾಡಿದವರು ಬೇರೆಯೆಂದು ಹೇಳುವುದು ನಿಂದೆಗಳಲ್ಲೆಲ್ಲ ಕ್ರೂರವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಿನಲ್ಲಿ ನೆಲಸಿದ್ದ ಅಮೆರಿಕದ ಶಿಲ್ಪಿ ಹ್ಯಾರಿಯೆಟ್ ಹಾಸ್ಮರ್ ಇಂಥ ನಿಂದೆಗೆ ಗುರಿಯಾದಳು. ಅದನ್ನು ಆಕೆ ಎದುರಿಸಿದ ರೀತಿಯಲ್ಲಿ ಆಕೆಯ ಬಾಳಿನ ತಿರುಳೇ ಅಡಗಿದೆ.

ಹಾಸ್ಮರ್ ಹುಟ್ಟಿದುದು 1830ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಟರ್‌ಟೌನ್ ಎಂಬ ಊರಿನಲ್ಲಿ. ತಾಯಿಯೂ ಒಡಹುಟ್ಟಿದವರೂ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ವೈದ್ಯನಾಗಿದ್ದ ತಂದೆ, ಉಳಿದ ಈ ಒಂದು ಕುಡಿಯನ್ನಾದರೂ ಕಾಪಾಡಿಕೊಳ್ಳಬೇಕೆಂದು ಮಗಳನ್ನು ಬಯಲಿನಲ್ಲಿ ಬೆಳೆಯಬಿಟ್ಟನು. ಹುಡುಗಿ ಕುದುರೆಯ ಸವಾರಿ ಕಲಿತಳು, ದೋಣಿ ನಡೆಸಿದಳು, ಬಂದೂಕು ಹಿಡಿದಳು. ಜೇಡಿಮಣ್ಣಿನಲ್ಲಿ ಪ್ರಾಣಿಗಳ ರೂಪಗಳನ್ನು ಮಾಡಿದಳು.

ಶಿಲ್ಪಿಯಾಗಬೇಕಾದವರು ಮಾನವ ಶರೀರದ ರಚನೆಯನ್ನು ಅರಿತಿರಬೇಕು. ಆದರೆ ಬಾಸ್ಟನ್ ನಗರದಲ್ಲಿ ಹೆಣ್ಣಿಗೆ ಆ ಪಾಠ ದೊರೆಯಲಿಲ್ಲ. ಆಕೆ ಎದೆಗುಂದದೆ ದೂರದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ, ಗೆಳತಿಯ ತಂದೆ ವೇಮನ್ ಕ್ರೋ ಎಂಬಾತನ ಆಶ್ರಯದಲ್ಲಿದ್ದು, ಅಲ್ಲಿಯ ವೈದ್ಯವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರವನ್ನು ಕಲಿತಳು. 1852ರಲ್ಲಿ ರೋಮಿಗೆ ಬಂದಳು.

ಅಮೆರಿಕದ ಕಲಾವಿದರನ್ನು ರೋಮ್ ಸೆಳೆದುದಕ್ಕೆ ಕಾರಣಗಳಿದ್ದುವು. ಪ್ರಾಚೀನ ಶಿಲ್ಪಗಳು ಅಲ್ಲಿ ಕಣ್ಣೆದುರಿಗಿದ್ದುವು. ಒಳ್ಳೆಯ ಅಮೃತಶಿಲೆ, ಅದನ್ನು ಕಡೆಯಬಲ್ಲ ನುರಿತ ಕೆಲಸಗಾರರು, ಕಡಮೆ ಖರ್ಚಿನ ಜೀವನ ಎಲ್ಲವೂ ಅಲ್ಲಿದ್ದುವು. ಹೆಂಗಸರಿಗೆ ಇನ್ನೊಂದು ಲಾಭವಿತ್ತು: ಸ್ವದೇಶದ ನೆರೆಹೊರೆಯ ಕಟ್ಟುಪಾಡು ಅಲ್ಲಿರಲಿಲ್ಲ. ನಟಿ ಷಾರ್ಲಟ್ ಕುಷ್‌ಮನ್ನಳ ಸುತ್ತ ಇಂಥ ಸ್ತ್ರೀಯರ ಒಂದು ಬಳಗವೇ ಬೆಳೆಯಿತು. ಪರಿಣತ ಶಿಲ್ಪಿ ಜಾನ್ ಗಿಬ್ಸನ್ ಹಾಸ್ಮರಳನ್ನು ಶಿಷ್ಯೆಯಾಗಿ ಒಪ್ಪಿಕೊಂಡನು. ಕವಿದಂಪತಿಗಳಾದ ಬ್ರೌನಿಂಗರು ಆಕೆಯ ಸ್ನೇಹಿತರಾದರು. ಒಂದನ್ನೊಂದು ಹಿಡಿದ ಅವರ ಕೈಗಳ ಅಚ್ಚನ್ನು ಆಕೆ 1853ರಲ್ಲಿ ತೆಗೆದಳು. ಮುಂದೆ ತಂದೆಯ ಹಣಕಾಸು ಕೆಟ್ಟಾಗ ಆಕೆ ಊರಿಗೆ ಮರಳಲಿಲ್ಲ. ನಾಯಿಕೊಡೆಯ ಮೇಲೆ ಕುಳಿತ ತುಂಟ ಕಿನ್ನರ ‘ಪಕ್’ನನ್ನು ಕಡೆದಳು. ಅದರ ಹಲವು ಪ್ರತಿಗಳು ಮಾರಾಟವಾಗಿ ಆಕೆ ತನ್ನ ಕಾಲ ಮೇಲೆ ನಿಂತಳು.

1859ರಲ್ಲಿ ‘ಸಂಕೋಲೆಯಲ್ಲಿ ಜೆನೋಬಿಯ’ ಸಿದ್ಧವಾಯಿತು. ಜೆನೋಬಿಯ ಮೂರನೆಯ ಶತಮಾನದಲ್ಲಿ ಪಾಲ್ಮೈರದ ರಾಣಿಯಾಗಿದ್ದು, ರೋಮಿನ ಚಕ್ರವರ್ತಿ ಆರೇಲಿಯನ್ನನಿಗೆ ಸೆರೆಸಿಕ್ಕಿದವಳು. ಹಾಸ್ಮರಳ ರಾಣಿ ಸರಪಣಿಯನ್ನು ತಾನೇ ಎತ್ತಿ ಹಿಡಿದು ನಡೆಯುತ್ತಾಳೆ; ಕಿರೀಟ ತಲೆಯ ಮೇಲಿದೆ, ಮುಖದಲ್ಲಿ ದೈನ್ಯವಿಲ್ಲ. 1862ರ ಲಂಡನ್ ಪ್ರದರ್ಶನದಲ್ಲಿ ಅದು ಜನರ ಗಮನವನ್ನು ಸೆಳೆಯಿತು. ಮರುವರ್ಷವೇ ಅದು ಆಕೆಯ ಕೃತಿಯಲ್ಲ, ಇಟಲಿಯ ಕೆಲಸಗಾರನದು ಎಂದು ಪತ್ರಿಕೆಗಳಲ್ಲಿ ಅಚ್ಚಾಯಿತು.

ಆಕೆ ಮೌನವಾಗಿರಲಿಲ್ಲ. ಮಾನನಷ್ಟದ ದಾವೆ ಹೂಡಿ, ಪತ್ರಿಕೆಯವರು ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಿದಳು. ಅಷ್ಟಕ್ಕೆ ನಿಲ್ಲದೆ, 1864ರ ಡಿಸೆಂಬರಿನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಶಿಲ್ಪ ರೂಪುಗೊಳ್ಳುವ ಬಗೆಯನ್ನು ವಿವರಿಸಿ ಲೇಖನ ಬರೆದಳು. ಶಿಲ್ಪಿ ಮಣ್ಣಿನಲ್ಲಿ ರೂಪ ಕಲ್ಪಿಸುತ್ತಾನೆ. ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ. ಕೆಲಸಗಾರರು ಅದನ್ನು ಅಳೆದು ಕಲ್ಲಿಗಿಳಿಸುತ್ತಾರೆ. ಕನೋವನೂ ಥಾರ್ವಾಲ್ಡ್‌ಸನ್ನನೂ ಹೀಗೆಯೇ ಮಾಡಿದರು. ಅವರ ಕರ್ತೃತ್ವವನ್ನು ಯಾರೂ ಶಂಕಿಸಲಿಲ್ಲ. ಹೆಣ್ಣಿನ ವಿಷಯದಲ್ಲಿ ಮಾತ್ರ ಶಂಕೆ ಹುಟ್ಟಿತು.

ಆ ಶಂಕೆ ಒಬ್ಬಳಿಗೇ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ರೋಮಿಗೆ ಬಂದ ಎಡ್ಮೋನಿಯ ಲೂಯಿಸ್ ನೀಗ್ರೋ ಮತ್ತು ಅಮೆರಿಕದ ಮೂಲನಿವಾಸಿ ರಕ್ತಸಂಬಂಧವುಳ್ಳವಳು. ಬೇರೆಯವರ ಕೈವಾಡವೆಂಬ ಮಾತಿಗೆ ಎಡೆಗೊಡದಂತೆ, ಕಲ್ಲು ಕಡೆಯುವ ಶ್ರಮವನ್ನೂ ಆಕೆ ಬಹುಮಟ್ಟಿಗೆ ತಾನೇ ಹೊತ್ತಳು. ಗಂಡಸಿಗೆ ಬೇಡವಾದ ಸಾಕ್ಷ್ಯವನ್ನು ಹೆಣ್ಣು ತನ್ನ ತೋಳುಗಳಿಂದ ಒದಗಿಸಬೇಕಾಗಿತ್ತು.

1868ರಲ್ಲಿ ಸೇಂಟ್ ಲೂಯಿಸಿನ ಉದ್ಯಾನದಲ್ಲಿ ಹಾಸ್ಮರಳ ಥಾಮಸ್ ಹಾರ್ಟ್ ಬೆಂಟನ್ ಪ್ರತಿಮೆಯ ಅನಾವರಣವಾಯಿತು. ಶರೀರದ ರಚನೆಯನ್ನು ಕಲಿಯಲು ಹಿಂದೆ ಆಕೆ ಹೋಗಿದ್ದುದು ಆ ನಗರಕ್ಕೇ. ಕಾಲ ಕಳೆದಂತೆ ಜನರ ರುಚಿ ಬದಲಾಯಿತು, ಆಕೆಯ ಹೆಸರು ಮರೆಯಾಯಿತು. 1908ರಲ್ಲಿ ಆಕೆ ಹುಟ್ಟೂರಿನಲ್ಲಿಯೇ ತೀರಿಕೊಂಡಳು. ಜೆನೋಬಿಯ ಇಂದು ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಕಲಾಸಂಗ್ರಹದಲ್ಲಿ ನಿಂತಿದ್ದಾಳೆ. ಸಂಕೋಲೆ ಕೈಯಲ್ಲಿಯೇ ಇದೆ. ತಲೆ ಬಾಗಿದ್ದರೂ ಮನಸ್ಸು ಬಾಗಿಲ್ಲ. ಕೆಳಗೆ ಬರೆದಿರುವ ಹೆಸರನ್ನು ಈಗ ಯಾರೂ ಸಂಶಯಿಸುವುದಿಲ್ಲ.