ಟಿಪ್ಪು ವಂಶದ ಕುಡಿ, ನಾಜಿಗಳಿಗೆ ಬಾಯಿಬಿಡದ ಗೂಢಚಾರಿಣಿ: ನೂರ್ ಇನಾಯತ್ ಖಾನ್ ಬದುಕಿನ ಕಥೆ

ಸಿಕಂದರಾಬಾದ್: ಎರಡನೇ ಮಹಾಯುದ್ಧದ ವೀರವನಿತೆಯರ ಮಾತು ಬಂದಾಗ ಸೋವಿಯತ್ ಸ್ನೈಪರ್ ಲ್ಯುಡ್ಮಿಲಾ ಪಾವ್ಲಿಚೆಂಕೊ ಹೆಸರು ಮೊದಲು ಕೇಳಿಬರುತ್ತದೆ. 309 ಶತ್ರು ಸೈನಿಕರನ್ನು ಹೊಡೆದುರುಳಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಅದೇ ಯುದ್ಧದಲ್ಲಿ ಬಂದೂಕಿನ ಬದಲು ಒಂದು ರೇಡಿಯೋ ಪೆಟ್ಟಿಗೆ ಹಿಡಿದು ನಾಜಿಗಳ ನಡುವೆಯೇ ಕೆಲಸ ಮಾಡಿ ಪ್ರಾಣ ಕೊಟ್ಟ ಮತ್ತೊಬ್ಬ ಮಹಿಳೆ ಇದ್ದಾರೆ. ಅವರು ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಬಳಿ, ಸೇವೆ ಸಲ್ಲಿಸಿದ್ದು ಬ್ರಿಟನ್‌ಗೆ. ಆದರೆ ವಂಶದ ಬೇರು ಇರುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. ಅವರೇ ಮೈಸೂರು ಹುಲಿ ಟಿಪ್ಪು ಸುಲ್ತಾನ್ ವಂಶದ ನೂರ್ ಇನಾಯತ್ ಖಾನ್.

ಗೂಢಚಾರಿಕೆಗೆ ಈಕೆ ಹೊಂದುವವರಲ್ಲ ಎಂದು ತರಬೇತುದಾರರೇ ಬರೆದಿದ್ದರು. ಅಹಿಂಸೆಯನ್ನು ನಂಬಿದ್ದ, ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದ, ಸುಳ್ಳು ಹೇಳಲು ಹಿಂಜರಿಯುತ್ತಿದ್ದ ಮೃದು ಸ್ವಭಾವದ ಯುವತಿ ಅವರು. ಆದರೆ ಜೊತೆಗಿದ್ದವರೆಲ್ಲ ಒಬ್ಬೊಬ್ಬರಾಗಿ ಸೆರೆಯಾದಾಗ, ವಾಪಸಾಗುವ ಅವಕಾಶವಿದ್ದರೂ ಪ್ಯಾರಿಸ್‌ನಲ್ಲೇ ಉಳಿದರು. ಅವರನ್ನು ಇತಿಹಾಸದಲ್ಲಿ ಉಳಿಸಿದ್ದು ಆ ಒಂದು ತೀರ್ಮಾನ.

ಮೈಸೂರು ಆಸ್ಥಾನದ ನಂಟು: ನೂರ್ ಅವರ ತಂದೆ ಇನಾಯತ್ ಖಾನ್ ಬರೋಡಾದ ಸಂಗೀತಗಾರರು, ವೀಣಾ ವಾದಕರು. ಇನಾಯತ್ ಅವರ ತಾಯಿಯ ತಂದೆ ಮೌಲಾ ಬಕ್ಷ್ 19ನೇ ಶತಮಾನದ ಹೆಸರಾಂತ ಗಾಯಕ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿಗೆ ಬಂದ ಅವರು ಆಸ್ಥಾನದ ಗೌರವಕ್ಕೆ ಪಾತ್ರರಾದರು, ಕರ್ನಾಟಕ ಸಂಗೀತವನ್ನೂ ಕಲಿತರು. ಕುಟುಂಬದ ವಂಶಾವಳಿಯ ಪ್ರಕಾರ, ಅವರು ಮದುವೆಯಾದದ್ದು ಟಿಪ್ಪು ವಂಶದ ಕಾಸಿಂಬಿ ಅವರನ್ನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಮಕ್ಕಳನ್ನು ಬ್ರಿಟಿಷರು ವೆಲ್ಲೂರು ಕೋಟೆಯಲ್ಲಿ ಇರಿಸಿದ್ದರು. 1806ರ ವೆಲ್ಲೂರು ದಂಗೆಯ ಬಳಿಕ ಅವರನ್ನು ದೂರದ ಕಲ್ಕತ್ತಾಗೆ ಸಾಗಿಸಲಾಯಿತು. ಟಿಪ್ಪು ರಕ್ತಸಂಬಂಧ ಎಂಬುದೇ ಬ್ರಿಟಿಷರ ಕಣ್ಣಿಗೆ ಅನುಮಾನದ ವಿಷಯವಾಗಿದ್ದ ಕಾಲವದು. ಹೀಗಾಗಿ ಈ ಕುಟುಂಬ ತನ್ನ ವಂಶದ ಬಗ್ಗೆ ಹೊರಗೆ ಹೆಚ್ಚು ಹೇಳಿಕೊಳ್ಳಲಿಲ್ಲ.

ತಂದೆಗೆ ದಾರಿ ತೋರಿದ ಹೈದರಾಬಾದ್: ನೂರ್ ತಂದೆಯ ಬದುಕಿಗೆ ತಿರುವು ಸಿಕ್ಕಿದ್ದು ಹೈದರಾಬಾದ್‌ನಲ್ಲಿ. 20ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಇನಾಯತ್ ಖಾನ್ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಮುಂದೆ ಹಾಡಿ ಮೆಚ್ಚುಗೆ ಗಳಿಸಿದರು. ಇದೇ ನಗರದಲ್ಲಿ ಸೂಫಿ ಗುರು ಸೈಯದ್ ಅಬು ಹಾಶಿಮ್ ಮದನಿ ಅವರಿಂದ ಚಿಶ್ತಿ ಪಂಥದ ದೀಕ್ಷೆ ಪಡೆದರು. 1910ರಲ್ಲಿ ಸಂಗೀತ ಮತ್ತು ಸೂಫಿ ವಿಚಾರಗಳನ್ನು ಹೊತ್ತು ಅಮೆರಿಕಕ್ಕೆ ಹೊರಟರು. ಅಲ್ಲಿ ಪರಿಚಯವಾದ ಓರಾ ರೇ ಬೇಕರ್ ಅವರನ್ನು ವಿವಾಹವಾದರು. ಮುಂದೆ ಅವರ ಹೆಸರು ಅಮೀನಾ ಬೇಗಂ ಎಂದಾಯಿತು.

ಈ ದಂಪತಿಯ ಹಿರಿಯ ಮಗಳು ನೂರ್, 1914ರ ಜನವರಿಯಲ್ಲಿ ಮಾಸ್ಕೋದಲ್ಲಿ ಜನಿಸಿದರು. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಕುಟುಂಬ ಲಂಡನ್ ಸೇರಿತ್ತು. 1920ರಲ್ಲಿ ಫ್ರಾನ್ಸ್‌ಗೆ ತೆರಳಿದ ಅವರು ಬಳಿಕ ಪ್ಯಾರಿಸ್ ಸಮೀಪದ ಸುರೆನ್‌ನಲ್ಲಿ 'ಫಜಲ್ ಮಂಜಿಲ್' ಎಂಬ ಮನೆಯಲ್ಲಿ ನೆಲೆಸಿದರು.

13ಕ್ಕೇ ಮನೆಯ ಹೊಣೆ: 1926ರಲ್ಲಿ ಭಾರತಕ್ಕೆ ಮರಳಿದ ಇನಾಯತ್ ಖಾನ್ 1927ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಿಧನರಾದರು. ಅವರ ಸಮಾಧಿ ನಿಜಾಮುದ್ದೀನ್ ಪ್ರದೇಶದಲ್ಲಿದೆ. ಆಗ ನೂರ್‌ಗೆ 13 ವರ್ಷ. ದುಃಖದಲ್ಲಿ ಮುಳುಗಿದ ತಾಯಿ ಹೊರಜಗತ್ತಿನಿಂದ ದೂರವಾದರು. ತಮ್ಮಂದಿರಾದ ವಿಲಾಯತ್, ಹಿದಾಯತ್ ಹಾಗೂ ತಂಗಿ ಖೈರುನ್ನೀಸಾ ಅವರ ಜವಾಬ್ದಾರಿ ನೂರ್ ಹೆಗಲಿಗೆ ಬಿತ್ತು.

ಇದರ ನಡುವೆಯೇ ಓದು ಮುಂದುವರಿಯಿತು. ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ಮಕ್ಕಳ ಮನಃಶಾಸ್ತ್ರ ಅಭ್ಯಾಸ ಮಾಡಿದರು. ಹಾರ್ಪ್ ಮತ್ತು ಪಿಯಾನೊ ನುಡಿಸಲು ಕಲಿತರು. ಅವರ ಮಕ್ಕಳ ಕಥೆಗಳು 'ಫಿಗಾರೊ' ಪತ್ರಿಕೆಯಲ್ಲಿ ಪ್ರಕಟವಾದವು, ರೇಡಿಯೋದಲ್ಲಿ ಪ್ರಸಾರವಾದವು. ಬುದ್ಧನ ಜಾತಕ ಕಥೆಗಳಲ್ಲಿ 20ನ್ನು ಆಯ್ದು ಅವರು ಇಂಗ್ಲಿಷ್‌ನಲ್ಲಿ ಮರುಹೇಳಿದ ಪುಸ್ತಕ 1939ರಲ್ಲಿ ಲಂಡನ್‌ನಲ್ಲಿ ಬಿಡುಗಡೆಯಾಯಿತು. ತನ್ನ ಮೈಯನ್ನೇ ಸೇತುವೆ ಮಾಡಿ ಬಳಗವನ್ನು ದಾಟಿಸಿದ ವಾನರ ರಾಜನ ಕಥೆಯೂ ಅದರಲ್ಲಿದೆ. ಅದೇ ವರ್ಷ ಯುದ್ಧ ಆರಂಭವಾಯಿತು.

ಕೊಲ್ಲದೆ ಹೋರಾಡುವುದು ಹೇಗೆ?: 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಪ್ರವೇಶಿಸಿತು. ಕುಟುಂಬ ಬೋರ್ಡೊ ಮಾರ್ಗವಾಗಿ ಹಡಗು ಹತ್ತಿ ಇಂಗ್ಲೆಂಡ್ ತಲುಪಿತು. ಹಿಂಸೆ ಬೇಡ ಎಂದು ಕಲಿಸಿದ ತಂದೆಯ ಮಕ್ಕಳು ನಾಜಿಗಳ ಮುಂದೆ ಸುಮ್ಮನೆ ಕೂರಬಹುದೇ ಎಂಬ ಪ್ರಶ್ನೆ ನೂರ್ ಮತ್ತು ವಿಲಾಯತ್ ಮುಂದಿತ್ತು. ಅಕ್ಕ ತಮ್ಮ ಇಬ್ಬರೂ ಕಂಡುಕೊಂಡ ಉತ್ತರ ಒಂದೇ. ಅಪಾಯ ಅತಿ ಹೆಚ್ಚಿರುವ, ಆದರೆ ತಾವಾಗಿ ಯಾರನ್ನೂ ಕೊಲ್ಲಬೇಕಿಲ್ಲದ ಕೆಲಸ ಆರಿಸಿಕೊಳ್ಳುವುದು. ವಿಲಾಯತ್ ನೌಕಾಪಡೆಯಲ್ಲಿ ಸಮುದ್ರದ ಸಿಡಿಗುಂಡು ತೆರವುಗೊಳಿಸುವ ಹಡಗು ಸೇರಿದರು. ನೂರ್ 1940ರ ನವೆಂಬರ್‌ನಲ್ಲಿ ಮಹಿಳಾ ಸಹಾಯಕ ವಾಯುಪಡೆಗೆ ಸೇರಿ ವೈರ್‌ಲೆಸ್ ಆಪರೇಟರ್ ಆದರು.

ಅಧಿಕಾರಿ ಹುದ್ದೆಗೆ ನಡೆದ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಪ್ರಶ್ನೆ ಎದುರಾಯಿತು. ಜರ್ಮನಿ ವಿರುದ್ಧದ ಯುದ್ಧ ಮುಗಿಯುವವರೆಗೆ ಬ್ರಿಟನ್‌ಗೆ ನಿಷ್ಠೆ, ಆಮೇಲೆ ಭಾರತದ ಪರ ನಿಲ್ಲಬೇಕಾಗಬಹುದು ಎಂಬ ಅರ್ಥದ ಉತ್ತರವನ್ನು ಅವರು ಮುಚ್ಚುಮರೆಯಿಲ್ಲದೆ ಕೊಟ್ಟರು. ಹುದ್ದೆ ಕೈತಪ್ಪಬಹುದು ಎಂದು ತಿಳಿದೂ ಮಾತು ಬದಲಿಸಲಿಲ್ಲ.

ಅನರ್ಹ ಎಂದ ವರದಿ: ಶತ್ರು ವಶದಲ್ಲಿದ್ದ ದೇಶಗಳಲ್ಲಿ ರಹಸ್ಯ ಕಾರ್ಯಾಚರಣೆ ನಡೆಸಲು ಬ್ರಿಟನ್ 1940ರಲ್ಲಿ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಅಂದರೆ ಎಸ್‌ಒಇ ಎಂಬ ಸಂಸ್ಥೆ ಕಟ್ಟಿತ್ತು. ಫ್ರೆಂಚ್ ನಿರರ್ಗಳವಾಗಿ ಮಾತನಾಡುವ, ವೈರ್‌ಲೆಸ್ ಗೊತ್ತಿರುವವರ ಹುಡುಕಾಟದಲ್ಲಿದ್ದ ಸಂಸ್ಥೆಯ ಕಣ್ಣಿಗೆ ನೂರ್ ಬಿದ್ದರು. ಸಿಕ್ಕಿಬಿದ್ದರೆ ಯುದ್ಧಕೈದಿಯ ರಕ್ಷಣೆ ಸಿಗದು, ಸಾವು ಬಹುತೇಕ ಖಚಿತ ಎಂದು ತಿಳಿಸಿದ ಮೇಲೂ ಅವರು ಒಪ್ಪಿದರು.

ಸೋವಿಯತ್ ಸೇನೆ ಮಹಿಳೆಯರ ಕೈಗೆ ಬಹಿರಂಗವಾಗಿ ರೈಫಲ್ ಕೊಟ್ಟಿತ್ತು. ಬ್ರಿಟನ್‌ನ ಸಶಸ್ತ್ರ ಪಡೆಗಳ ಮಹಿಳಾ ವಿಭಾಗಗಳಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆದ್ದರಿಂದ ಎಸ್‌ಒಇ ತನ್ನ ಮಹಿಳಾ ಏಜೆಂಟರನ್ನು ಫಸ್ಟ್ ಏಡ್ ನರ್ಸಿಂಗ್ ಯೋಮನ್ರಿ ಎಂಬ ಸೇವಾ ದಳದ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಿತ್ತು.

ತರಬೇತಿಯಲ್ಲಿ ನೂರ್ ಬಗ್ಗೆ ಬಂದ ವರದಿಗಳು ಮಿಶ್ರವಾಗಿದ್ದವು. ಆಯುಧ ಕಂಡರೆ ಅಂಜುತ್ತಾರೆ, ಭಾವುಕರು, ಈ ಕೆಲಸಕ್ಕೆ ತಕ್ಕವರಲ್ಲ ಎಂಬ ಟೀಕೆಗಳಿದ್ದವು. ಅಣಕು ವಿಚಾರಣೆಯಲ್ಲಿ ಅವರು ಬಹಳ ಹೆದರಿದ್ದರು. ಆದರೆ ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಈ ಆಕ್ಷೇಪಗಳನ್ನು ಒಪ್ಪಲಿಲ್ಲ. ರೇಡಿಯೋ ಆಪರೇಟರ್‌ಗಳ ಕೊರತೆಯೂ ತೀವ್ರವಾಗಿತ್ತು. ಹೀಗಾಗಿ ತರಬೇತಿ ಪೂರ್ಣಗೊಳ್ಳುವ ಮುನ್ನವೇ ಅವರನ್ನು ಕಳುಹಿಸಲು ತೀರ್ಮಾನವಾಯಿತು.

ಪ್ಯಾರಿಸ್‌ನಲ್ಲಿ ಒಬ್ಬಂಟಿ: 1943ರ ಜೂನ್ 16ರ ರಾತ್ರಿ ಲೈಸಾಂಡರ್ ವಿಮಾನಗಳು ಫ್ರಾನ್ಸ್‌ನ ಆಂಜೆ ಬಳಿ ಹೊಲವೊಂದರಲ್ಲಿ ಇಳಿದವು. ಡಯಾನಾ ರೌಡೆನ್, ಸೆಸಿಲಿ ಲೆಫೋರ್ಟ್ ಮತ್ತು ನೂರ್ ಆ ರಾತ್ರಿ ಫ್ರಾನ್ಸ್ ತಲುಪಿದರು. ಈ ಮೂವರಲ್ಲಿ ಒಬ್ಬರೂ ಜೀವಂತ ಹಿಂದಿರುಗಲಿಲ್ಲ. ಜರ್ಮನ್ ವಶದ ಫ್ರಾನ್ಸ್‌ಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ರೇಡಿಯೋ ಆಪರೇಟರ್ ನೂರ್. ಅವರ ಗುಪ್ತನಾಮ 'ಮೆಡಲಿನ್'. ಕಾಗದ ಪತ್ರಗಳಲ್ಲಿ ಅವರು ಮಕ್ಕಳನ್ನು ನೋಡಿಕೊಳ್ಳುವ ದಾದಿ ಜೀನ್ ಮರಿ ರೆನಿಯೆ.

ಅವರು ಸೇರಿದ್ದು ಪ್ಯಾರಿಸ್‌ನ 'ಪ್ರಾಸ್ಪರ್' ಜಾಲವನ್ನು. ಬಂದು ಹತ್ತು ದಿನ ಕಳೆಯುವಷ್ಟರಲ್ಲಿ ಜಾಲದ ಮುಖ್ಯಸ್ಥ ಫ್ರಾನ್ಸಿಸ್ ಸಟಿಲ್ ಸೇರಿ ಪ್ರಮುಖರು ಬಂಧನಕ್ಕೊಳಗಾದರು. ನಂತರದ ವಾರಗಳಲ್ಲಿ ನೂರಾರು ಸಹಾಯಕರು ಸೆರೆಯಾದರು. ಲಂಡನ್‌ನಿಂದ ನೂರ್‌ಗೆ ವಾಪಸಾಗುವ ಅವಕಾಶ ಬಂತು. ಪ್ಯಾರಿಸ್‌ನಲ್ಲಿ ಉಳಿದಿರುವ ರೇಡಿಯೋ ತಮ್ಮದೊಂದೇ, ತಾವು ಹೋದರೆ ಪ್ರತಿರೋಧದ ಹೋರಾಟಗಾರರಿಗೆ ಲಂಡನ್ ಜೊತೆಗಿನ ಕೊಂಡಿಯೇ ಕಳಚುತ್ತದೆ ಎಂದು ಹೇಳಿ ಅವರು ನಿರಾಕರಿಸಿದರು.

ಆ ಕೆಲಸ ಎಷ್ಟು ಅಪಾಯದ್ದು ಎಂದರೆ, ರೇಡಿಯೋ ಆಪರೇಟರ್ ಸರಾಸರಿ ಆರು ವಾರ ಉಳಿದರೆ ಹೆಚ್ಚು ಎಂಬ ಅಂದಾಜಿತ್ತು. ಸೂಟ್‌ಕೇಸ್‌ನಲ್ಲಿ ಅಡಗಿಸಿಟ್ಟ ಸೆಟ್‌ನ ತೂಕ ಸುಮಾರು 15 ಕೆ.ಜಿ. ಸಂದೇಶ ಕಳುಹಿಸಲು ಉದ್ದದ ಏರಿಯಲ್ ತಂತಿ ಕಟ್ಟಬೇಕು. ಒಂದೇ ಜಾಗದಿಂದ ಹೆಚ್ಚು ಹೊತ್ತು ಕಳುಹಿಸಿದರೆ ಬೀದಿಯಲ್ಲಿ ಓಡಾಡುವ ಜರ್ಮನ್ ಪತ್ತೆ ವ್ಯಾನ್‌ಗಳಿಗೆ ಸುಳಿವು ಸಿಗುತ್ತದೆ. ನೂರ್ ಕೂದಲಿನ ಬಣ್ಣ ಬದಲಿಸಿದರು, ಮನೆಯಿಂದ ಮನೆಗೆ ಅಲೆದರು, ಬಾಲ್ಯದ ಪರಿಚಿತರ ಆಸರೆ ಪಡೆದರು. ಮೆಟ್ರೊದಲ್ಲಿ ಪೆಟ್ಟಿಗೆಯಲ್ಲೇನಿದೆ ಎಂದು ಜರ್ಮನ್ ಸೈನಿಕರು ಕೇಳಿದಾಗ ಸಿನಿಮಾ ಪ್ರೊಜೆಕ್ಟರ್ ಎಂದು ಹೇಳಿ ಪಾರಾದ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಸುಳ್ಳು ಹೇಳಲು ಬಾರದು ಎನಿಸಿಕೊಂಡಿದ್ದವರು ಮೂರು ತಿಂಗಳಿಗೂ ಹೆಚ್ಚು ಕಾಲ ಹೀಗೆ ಕೆಲಸ ಮಾಡಿದರು.

ದ್ರೋಹ, ಬಂಧನ ಮತ್ತು ನೋಟ್‌ಬುಕ್: 1943ರ ಅಕ್ಟೋಬರ್ ಮಧ್ಯದಲ್ಲಿ ಹಣಕ್ಕಾಗಿ ಯಾರೋ ಕೊಟ್ಟ ಸುಳಿವಿನಿಂದ ನೂರ್ ಸಿಕ್ಕಿಬಿದ್ದರು. ಹಿಡಿಯಲು ಬಂದವನನ್ನು ಕಚ್ಚಿ, ಪರಚಿ ಪ್ರತಿಭಟಿಸಿದರು. ಅವರನ್ನು ಜರ್ಮನ್ ಭದ್ರತಾ ಪೊಲೀಸರ ಕಚೇರಿಯಿದ್ದ ಅವೆನ್ಯೂ ಫೋಶ್ ರಸ್ತೆಯ 84ನೇ ಸಂಖ್ಯೆಯ ಕಟ್ಟಡಕ್ಕೆ ಕರೆದೊಯ್ಯಲಾಯಿತು. ವಿಚಾರಣೆಯಲ್ಲಿ ಅವರು ಏನೂ ಹೇಳಲಿಲ್ಲ ಎಂಬುದನ್ನು ಅಲ್ಲಿನ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧದ ನಂತರ ಬ್ರಿಟಿಷ್ ಅಧಿಕಾರಿಗಳ ಮುಂದೆ ಒಪ್ಪಿಕೊಂಡ.

ಆದರೆ ಒಂದು ದೊಡ್ಡ ಲೋಪ ಆಗಿಹೋಗಿತ್ತು. ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ನೂರ್ ನೋಟ್‌ಬುಕ್‌ನಲ್ಲಿ ಉಳಿಸಿಕೊಂಡಿದ್ದರು. ಸೂಚನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇ ಇದಕ್ಕೆ ಕಾರಣ ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಆ ಪುಸ್ತಕ ಮತ್ತು ರೇಡಿಯೋ ಎರಡೂ ಜರ್ಮನ್ನರ ಕೈಗೆ ಸಿಕ್ಕವು. ಅವರು ನೂರ್ ಹೆಸರಿನಲ್ಲೇ ಸಂದೇಶ ಕಳುಹಿಸತೊಡಗಿದರು. ಲಂಡನ್ ಕಚೇರಿ ತಿಂಗಳುಗಟ್ಟಲೆ ಅದನ್ನು ನಂಬಿತು. 1944ರ ಫೆಬ್ರುವರಿಯಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿದ ಏಜೆಂಟರು ನೇರವಾಗಿ ಜರ್ಮನ್ನರ ಬಲೆಗೆ ಬಿದ್ದರು. ಅವರಲ್ಲಿ ಮೆಡಲಿನ್ ದಾಮೆರ್ಮಾ ಎಂಬ ಯುವತಿಯೂ ಇದ್ದರು. ಅನನುಭವಿಯನ್ನು ಅವಸರದಲ್ಲಿ ಕಳುಹಿಸಿದ, ಬಂದ ಸಂದೇಶಗಳನ್ನು ಸರಿಯಾಗಿ ಪರಿಶೀಲಿಸದ ಲಂಡನ್ ಕಚೇರಿಯ ಹೊಣೆ ಇದರಲ್ಲಿ ಸಣ್ಣದಲ್ಲ.

ತಪ್ಪಿಸಿಕೊಳ್ಳುವ ಯತ್ನ, ಸರಪಳಿಯ ಸೆರೆ: ಬಂಧನವಾದ ದಿನವೇ ನೂರ್ ಸ್ನಾನಗೃಹದ ಕಿಟಕಿಯಿಂದ ಹೊರಬಂದು ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದರು. ನವೆಂಬರ್ ಕೊನೆಯಲ್ಲಿ ಇಬ್ಬರು ಸಹಕೈದಿಗಳ ಜೊತೆ ಸೇರಿ ಕೋಣೆಯ ಸರಳು ಸಡಿಲಿಸಿ ಛಾವಣಿ ಏರಿದರು. ಅದೇ ಹೊತ್ತಿಗೆ ವಾಯುದಾಳಿಯ ಸೈರನ್ ಮೊಳಗಿ, ಕೈದಿಗಳ ಎಣಿಕೆ ನಡೆದು ಮೂವರೂ ಸಿಕ್ಕಿಬಿದ್ದರು. ಮತ್ತೆ ಓಡಿಹೋಗುವುದಿಲ್ಲ ಎಂದು ಬರೆದುಕೊಡಲು ಅವರು ಒಪ್ಪಲಿಲ್ಲ. ಹೀಗಾಗಿ ಅವರನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಕಳುಹಿಸಲಾಯಿತು.

ಅಲ್ಲಿ ಕೈಕಾಲಿಗೆ ಸರಪಳಿ ಹಾಕಿ ಒಂಟಿ ಕೋಣೆಯಲ್ಲಿ ಸುಮಾರು ಹತ್ತು ತಿಂಗಳು ಇರಿಸಿದರು. ಹೊರಜಗತ್ತಿಗೆ ಸುಳಿವೇ ಸಿಗದಂತೆ ಮಾಯವಾಗಿಸಬೇಕಾದ ಕೈದಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೂ ನೂರ್ ಊಟದ ಪಾತ್ರೆಯ ತಳದಲ್ಲಿ ಗೀಚಿ ಪಕ್ಕದ ಕೋಣೆಯ ಫ್ರೆಂಚ್ ಮಹಿಳಾ ಕೈದಿಗಳಿಗೆ ಸಂದೇಶ ಕಳುಹಿಸುತ್ತಿದ್ದರು. ತಮ್ಮ ಹೆಸರು ನೋರಾ ಬೇಕರ್ ಎಂದು ಬರೆದು ಲಂಡನ್ ವಿಳಾಸವನ್ನೂ ತಿಳಿಸಿದ್ದರು. ಅವರು ಆ ಜೈಲಿನಲ್ಲಿದ್ದರು ಎಂಬುದು ಮುಂದೆ ಗೊತ್ತಾಗಲು ಈ ಗೀಚಿದ ಅಕ್ಷರಗಳು ನೆರವಾದವು.

1944ರ ಸೆಪ್ಟೆಂಬರ್‌ನಲ್ಲಿ ನೂರ್ ಮತ್ತು ಇತರ ಮೂವರು ಮಹಿಳಾ ಏಜೆಂಟರನ್ನು ಡಖಾವ್ ಯಾತನಾ ಶಿಬಿರಕ್ಕೆ ಸಾಗಿಸಲಾಯಿತು. ಸೆಪ್ಟೆಂಬರ್ 13ರಂದು ನಾಲ್ವರನ್ನೂ ಗುಂಡಿಕ್ಕಿ ಕೊಲ್ಲಲಾಯಿತು. ನೂರ್‌ಗೆ ಆಗ 30 ವರ್ಷ. ಜೊತೆಗೆ ಸಾವಿಗೀಡಾದವರು ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್ ಮತ್ತು ನೂರ್ ರೇಡಿಯೋವನ್ನೇ ಬಳಸಿ ಜರ್ಮನ್ನರು ಹಿಡಿದಿದ್ದ ಅದೇ ಮೆಡಲಿನ್ ದಾಮೆರ್ಮಾ.

ತಡವಾಗಿ ಬೆಳಕಿಗೆ ಬಂದ ಸತ್ಯ: ನೂರ್ ಎಲ್ಲಿ, ಹೇಗೆ ಸತ್ತರು ಎಂಬುದು ಕುಟುಂಬಕ್ಕೆ ತಕ್ಷಣ ತಿಳಿಯಲಿಲ್ಲ. ಎಸ್‌ಒಇ ಅಧಿಕಾರಿ ವೆರಾ ಆಟ್ಕಿನ್ಸ್ ಯುದ್ಧದ ಬಳಿಕ ಜರ್ಮನಿಗೆ ತೆರಳಿ ಕಾಣೆಯಾದ ಏಜೆಂಟರ ಜಾಡು ಹಿಡಿದರು. ನೂರ್ ಬೇರೊಂದು ಶಿಬಿರದಲ್ಲಿ ಸತ್ತರೆಂದು ಮೊದಲು ಭಾವಿಸಲಾಗಿತ್ತು. ತನಿಖೆ ಮುಂದುವರಿದ ಬಳಿಕ ಡಖಾವ್ ಸತ್ಯ ಹೊರಬಂತು.

ಫ್ರಾನ್ಸ್ 1946ರಲ್ಲಿ ಕ್ರುವಾ ದ ಗೇರ್ ಪದಕ ನೀಡಿತು. ಬ್ರಿಟನ್ 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪ್ರಕಟಿಸಿತು. ಎಸ್‌ಒಇ ಮಹಿಳೆಯರಲ್ಲಿ ಈ ಗೌರವ ಪಡೆದವರು ಮೂವರು ಮಾತ್ರ. ಫ್ರಾನ್ಸ್‌ನ ವ್ಯಾಲನ್ಸೆ ಪಟ್ಟಣದಲ್ಲಿ ಫ್ರಾನ್ಸ್ ವಿಭಾಗದ 104 ಹುತಾತ್ಮರ ಸ್ಮಾರಕವಿದೆ. ಅದರಲ್ಲಿ 13 ಮಹಿಳೆಯರ ಹೆಸರಿದ್ದು, ನೂರ್ ಅವರಲ್ಲೊಬ್ಬರು.

ಶ್ರಾಬಣಿ ಬಸು ಬರೆದ ಜೀವನಚರಿತ್ರೆ 2006ರಲ್ಲಿ ಪ್ರಕಟವಾದ ಮೇಲೆ ಅವರ ಹೆಸರು ಭಾರತದಲ್ಲೂ ಹೆಚ್ಚು ಪರಿಚಿತವಾಯಿತು. 2012ರ ನವೆಂಬರ್‌ನಲ್ಲಿ ಲಂಡನ್‌ನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆಯನ್ನು ರಾಜಕುಮಾರಿ ಆ್ಯನ್ ಅನಾವರಣಗೊಳಿಸಿದರು. 2014ರಲ್ಲಿ ಬ್ರಿಟನ್ ಅಂಚೆಚೀಟಿ ಹೊರತಂದಿತು. 2020ರಲ್ಲಿ ಅವರು ವಾಸವಿದ್ದ ಲಂಡನ್‌ನ ಟ್ಯಾವಿಟನ್ ಸ್ಟ್ರೀಟ್ ಮನೆಗೆ ಸ್ಮರಣೆಯ ನೀಲಿ ಫಲಕ ಬಂತು. 'ಎ ಕಾಲ್ ಟು ಸ್ಪೈ' ಚಿತ್ರದಲ್ಲಿ ನಟಿ ರಾಧಿಕಾ ಆಪ್ಟೆ ನೂರ್ ಪಾತ್ರ ಮಾಡಿದ್ದಾರೆ.

ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಟಿಪ್ಪು ವಂಶದ ಹೆಣ್ಣುಮಗಳು ಬ್ರಿಟಿಷರ ಪರ ಕೆಲಸ ಮಾಡಿ ಮಡಿದದ್ದು ವಿಚಿತ್ರ ಎನಿಸಬಹುದು. ಆದರೆ ಭಾರತದ ಸ್ವಾತಂತ್ರ್ಯದ ಬಗ್ಗೆ ಸಂದರ್ಶನದಲ್ಲಿ ಅವರು ಕೊಟ್ಟ ಉತ್ತರ ನೆನೆದರೆ ಅಲ್ಲಿ ಗೊಂದಲ ಕಾಣುವುದಿಲ್ಲ. ಒಂದು ದೇಶವನ್ನು ಮತ್ತೊಂದು ದೇಶ ತುಳಿಯುವುದನ್ನು ಅವರು ಎಲ್ಲಿಯೂ ಒಪ್ಪಿರಲಿಲ್ಲ. ಆ ಭಾರತದ ಬಿಡುಗಡೆಯನ್ನು ನೋಡಲು ಅವರು ಉಳಿಯಲಿಲ್ಲ. ಪ್ರತಿ ವರ್ಷ ಜುಲೈ 14ರ ಫ್ರಾನ್ಸ್ ರಾಷ್ಟ್ರೀಯ ದಿನದಂದು ಸುರೆನ್‌ನ ಫಜಲ್ ಮಂಜಿಲ್ ಮುಂದೆ ಬ್ಯಾಂಡ್ ನುಡಿಸಿ ಅವರಿಗೆ ಗೌರವ ಸಲ್ಲಿಸಲಾಗುತ್ತದೆ.